ಕೇಳುವ ಮೊದಲೇ ಉತ್ತರ: ಕಮಾಂಡ್ ಲೈನಿನಿಂದ ತಂತ್ರಾಂಶ ಇನ್‌ಸ್ಟಾಲ್ ಮಾಡುವ ಬಗ್ಗೆ

ಒಂದು ಕಂಪ್ಯೂಟರಿನ ಮುಂದೆ ಕುಳಿತು ಒಂದು ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು ನಮ್ಮ ಗಮನಕ್ಕೇ ಬರುವುದಿಲ್ಲ. ನೆಕ್ಸ್ಟ್ ಒತ್ತುತ್ತೇವೆ, ಪರವಾನಗಿ ಒಪ್ಪಂದಕ್ಕೆ ಟಿಕ್ ಹಾಕುತ್ತೇವೆ, ಮತ್ತೆ ನೆಕ್ಸ್ಟ್ ಒತ್ತಿ ಫಿನಿಶ್ ಬರುವವರೆಗೆ ಕಾಯುತ್ತೇವೆ. ಅದೇ ತಂತ್ರಾಂಶವನ್ನು ನೂರಾರು ಯಂತ್ರಗಳಿಗೆ, ಯಾರೂ ಪರದೆಯ ಮುಂದೆ ಇಲ್ಲದ ಹೊತ್ತಿನಲ್ಲಿ, ಒಂದು ಸ್ಕ್ರಿಪ್ಟಿನ ಮೂಲಕ, ಅಂದರೆ ಸಾಲುಸಾಲಾಗಿ ಬರೆದಿಟ್ಟ ಆದೇಶಗಳ ಕಡತದ ಮೂಲಕ, ಹಾಕಬೇಕಾಗಿ ಬಂದಾಗ ಆ ಒಂದೊಂದು ಒತ್ತುವಿಕೆಯೂ ಒಂದೊಂದು ತೀರ್ಮಾನವಾಗಿತ್ತೆಂಬುದು ಅರಿವಿಗೆ ಬರುತ್ತದೆ. ಯಾವ ಫೋಲ್ಡರಿನಲ್ಲಿ ಹಾಕಬೇಕು, ಎಲ್ಲ ಬಳಕೆದಾರರಿಗೋ ಒಬ್ಬರಿಗೆ ಮಾತ್ರವೋ, ಹಳೆಯ ಸೆಟ್ಟಿಂಗುಗಳನ್ನು ಉಳಿಸಬೇಕೋ ಬೇಡವೋ, ಯಂತ್ರವನ್ನು ಈಗಲೇ ರೀಸ್ಟಾರ್ಟ್ ಮಾಡಬಹುದೋ ಬೆಳಗಿನವರೆಗೆ ಕಾಯಬೇಕೋ ಎಂಬುದನ್ನೆಲ್ಲ ಯಾರೋ ಒಬ್ಬರು ಹೇಳಲೇಬೇಕು. ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿ ನಿಂತ ಅಭಿಪ್ರಾಯ ಇಷ್ಟು: ಪರದೆಯಲ್ಲಿ ಏನನ್ನೂ ಕೇಳದೆ ನಡೆಯುವ, ಸೈಲೆಂಟ್ ಇನ್‌ಸ್ಟಾಲ್ ಎಂದು ನಾವು ಕರೆಯುವ ಕ್ರಮದಲ್ಲಿ ಒಂದು ಪ್ರಶ್ನೆಯೂ ಮಾಯವಾಗುವುದಿಲ್ಲ. ನಾವು ಉತ್ತರ ಬರೆದಿಡದೆ ಬಿಟ್ಟ ಪ್ರಶ್ನೆಗೆ ಇನ್‌ಸ್ಟಾಲರ್ ತಾನೇ ಉತ್ತರ ಕೊಟ್ಟುಕೊಳ್ಳುತ್ತದೆ, ಇಲ್ಲವೇ ಉತ್ತರಕ್ಕಾಗಿ ಕಾಯುತ್ತಾ ನಿಂತುಬಿಡುತ್ತದೆ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ವಿಂಡೋಸಿನ ಎಂಎಸ್‌ಐ ಪ್ಯಾಕೇಜುಗಳಲ್ಲಿ. 1999ರಲ್ಲಿ ಆಫೀಸ್ 2000ರ ಜೊತೆಗೆ ಬಂದ ವಿಂಡೋಸ್ ಇನ್‌ಸ್ಟಾಲರಿನಲ್ಲಿ ಎಂಎಸ್‌ಐ ಕಡತವೆಂದರೆ ಒಂದು ಡೇಟಾಬೇಸ್. ಯಾವ ಕಡತ ಎಲ್ಲಿಗೆ ಹೋಗಬೇಕು, ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಏನು ಬರೆಯಬೇಕು ಎಂಬುದೆಲ್ಲ ಅದರ ಕೋಷ್ಟಕಗಳಲ್ಲಿ ಇರುತ್ತದೆ. ಎಂಎಸ್‌ಐಎಕ್ಸೆಕ್ ಎಂಬ ಆದೇಶಕ್ಕೆ ಸ್ಲ್ಯಾಶ್ ಐ ಜೊತೆ ಕಡತದ ಹೆಸರು, ಸ್ಲ್ಯಾಶ್ ಕ್ಯೂಎನ್, ಸ್ಲ್ಯಾಶ್ ನೋರೀಸ್ಟಾರ್ಟ್ ಎಂಬ ಸ್ವಿಚ್ಚುಗಳನ್ನು (ಆದೇಶದ ಜೊತೆ ಬರೆಯುವ ಆಯ್ಕೆಗಳನ್ನು) ಕೊಟ್ಟರೆ ಒಂದು ವಿಂಡೋ ಕೂಡ ತೆರೆಯದೆ ಕೆಲಸ ಮುಗಿಯುತ್ತದೆ. ಕ್ಯೂಎನ್ ಬದಲು ಕ್ಯೂಬಿ ಎಂದರೆ ಪ್ರಗತಿಯ ಪಟ್ಟಿಯೊಂದು ಮಾತ್ರ ಕಾಣುತ್ತದೆ. ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆದರೆ ಎಂಎಸ್‌ಐ ಒಳಗೆ ಎರಡು ಬೇರೆ ಬೇರೆ ಸರಣಿಗಳಿವೆ ಎಂಬುದನ್ನು, ಅಂದರೆ ಬಳಕೆದಾರರ ಜೊತೆ ಮಾತನಾಡುವುದಕ್ಕೆ ಇನ್‌ಸ್ಟಾಲ್‌ಯುಐಸೀಕ್ವೆನ್ಸ್ ಮತ್ತು ನಿಜವಾದ ಕೆಲಸ ಮಾಡುವುದಕ್ಕೆ ಇನ್‌ಸ್ಟಾಲ್‌ಎಕ್ಸಿಕ್ಯೂಟ್‌ಸೀಕ್ವೆನ್ಸ್ ಎಂಬ ಎರಡು ಇವೆ ಎಂಬುದನ್ನು, ಮತ್ತು ಕ್ಯೂಎನ್ ಅಥವಾ ಕ್ಯೂಬಿ ಕೊಟ್ಟಾಗ ಮೊದಲನೆಯ ಸರಣಿ ಪೂರ್ತಿಯಾಗಿ ಬಿಟ್ಟುಹೋಗುತ್ತದೆ ಎಂಬುದನ್ನು ತಿಳಿದವರು ಕಡಿಮೆ. ಪ್ಯಾಕೇಜ್ ತಯಾರಿಸಿದವರು ಒಂದು ಮುಖ್ಯ ಮೌಲ್ಯವನ್ನು ಲೆಕ್ಕ ಹಾಕುವ ಹೆಜ್ಜೆಯನ್ನು ಮೊದಲನೆಯ ಸರಣಿಯಲ್ಲಿ ಮಾತ್ರ ಇಟ್ಟಿದ್ದರೆ, ಕೈಯಿಂದ ಒತ್ತಿ ಮಾಡಿದ ಇನ್‌ಸ್ಟಾಲ್ ಸರಿಯಾಗಿ ಬರುತ್ತದೆ, ಸೈಲೆಂಟ್ ಆಗಿ ಮಾಡಿದ್ದು ಯಾವ ದೋಷವನ್ನೂ ತೋರಿಸದೆ ಬೇರೆಯದೇ ಆಗಿ ಕೂರುತ್ತದೆ. ಇಂಥ ಸಂದರ್ಭದಲ್ಲಿ ಆ ಮೌಲ್ಯವನ್ನು ಪ್ರಾಪರ್ಟಿಯಾಗಿ, ದೊಡ್ಡ ಅಕ್ಷರಗಳ ಹೆಸರು ಮತ್ತು ಸಮಚಿಹ್ನೆಯೊಂದಿಗೆ, ಕಮಾಂಡ್ ಲೈನಿನಲ್ಲೇ ಕೊಡಬೇಕಾಗುತ್ತದೆ. ಆದ್ದರಿಂದ ಹೊಸ ಪ್ಯಾಕೇಜ್ ಕೈಗೆ ಬಂದಾಗ ಮೊದಲು ಅದರ ಪ್ರಾಪರ್ಟಿ ಕೋಷ್ಟಕವನ್ನು ತೆರೆದು ಓದುವುದು ಒಳ್ಳೆಯದು. ಮೈಕ್ರೋಸಾಫ್ಟ್ ಕೊಡುವ ಆರ್ಕಾ ಎಂಬ ಸಾಧನ ಅದಕ್ಕೆ ಸಾಕು.

ಪರವಾನಗಿ ಒಪ್ಪಂದದ ಪ್ರಶ್ನೆಯೂ ಹೀಗೆಯೇ. ಪರದೆಯೇ ಇಲ್ಲದಿದ್ದಾಗ ಒಪ್ಪಿದವರು ಯಾರು? ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರಿನ ಸೆಟಪ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ: ಸೈಲೆಂಟ್ ಆಗಿ ನಡೆಸಬೇಕಾದರೆ ಪರವಾನಗಿಯ ಷರತ್ತುಗಳನ್ನು ಒಪ್ಪಿದ್ದೇನೆ ಎಂದು ಹೇಳುವ ಉದ್ದನೆಯ ಸ್ವಿಚ್ ಒಂದನ್ನು ಬರೆಯಲೇಬೇಕು, ಬರೆಯದಿದ್ದರೆ ಅದು ಮುಂದುವರಿಯುವುದಿಲ್ಲ. ಆ ಉದ್ದನೆಯ ಸ್ವಿಚ್ ಕಿರಿಕಿರಿ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಒಪ್ಪಿಗೆ ಕೊಟ್ಟಿದ್ದು ಸ್ಕ್ರಿಪ್ಟಿನಲ್ಲಿ ಅಕ್ಷರ ರೂಪದಲ್ಲಿ ಉಳಿಯುತ್ತದೆ ಮತ್ತು ಮುಂದೆ ಸ್ಕ್ರಿಪ್ಟನ್ನು ಓದುವವರಿಗೂ ಅದು ಕಾಣುತ್ತದೆ.

ಇಎಕ್ಸ್‌ಇ ರೂಪದ ಇನ್‌ಸ್ಟಾಲರುಗಳಲ್ಲಿ ಇಂಥ ಏಕರೂಪತೆ ಇಲ್ಲ. ಯಾವ ಸಾಧನದಿಂದ ಅದನ್ನು ಕಟ್ಟಲಾಗಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಬೇಕು. ಎನ್‌ಎಸ್‌ಐಎಸ್‌ನಿಂದ ಕಟ್ಟಿದ್ದಾದರೆ ಸ್ಲ್ಯಾಶ್ ಎಸ್ ಸಾಕು, ಆದರೆ ಆ ಎಸ್ ದೊಡ್ಡ ಅಕ್ಷರದಲ್ಲೇ ಇರಬೇಕು. ಫೋಲ್ಡರ್ ಸೂಚಿಸುವ ಸ್ಲ್ಯಾಶ್ ಡಿ ಸಾಲಿನ ಕಟ್ಟಕಡೆಗೆ ಬರಬೇಕು, ದಾರಿಯ ಹೆಸರಿನ ನಡುವೆ ಖಾಲಿ ಜಾಗವಿದ್ದರೂ ಅದಕ್ಕೆ ಉದ್ಧರಣ ಚಿಹ್ನೆ ಹಾಕಬಾರದು. ಇನ್ನೋ ಸೆಟಪ್ ಆದರೆ ಸೈಲೆಂಟ್ ಮತ್ತು ವೆರಿಸೈಲೆಂಟ್ ಎಂಬ ಎರಡು ಹಂತಗಳಿವೆ: ಸೈಲೆಂಟ್‌ನಲ್ಲಿ ಪ್ರಗತಿಯ ವಿಂಡೋ ಉಳಿಯುತ್ತದೆ, ವೆರಿಸೈಲೆಂಟ್‌ನಲ್ಲಿ ಅದೂ ಇರುವುದಿಲ್ಲ. ಆದರೆ ಎರಡರಲ್ಲೂ ಸಂದೇಶ ಪೆಟ್ಟಿಗೆಗಳು ಬರಬಹುದಾದ್ದರಿಂದ ಸಪ್ರೆಸ್‌ಮೆಸೇಜ್‌ಬಾಕ್ಸಸ್ ಅರ್ಥದ ಇನ್ನೊಂದು ಸ್ವಿಚ್ಚನ್ನೂ ಸೇರಿಸಬೇಕು. ಹಳೆಯ ಇನ್‌ಸ್ಟಾಲ್‌ಶೀಲ್ಡ್ ಕಡತಗಳಲ್ಲಿ ಕ್ರಮ ಇನ್ನೂ ಬೇರೆ. ಮೊದಲು ಸ್ಲ್ಯಾಶ್ ಆರ್ ಕೊಟ್ಟು ಒಮ್ಮೆ ಕೈಯಿಂದ ಇನ್‌ಸ್ಟಾಲ್ ಮಾಡಿದರೆ ನಾವು ಒತ್ತಿದ್ದೆಲ್ಲ ಒಂದು ಉತ್ತರ ಕಡತದಲ್ಲಿ ದಾಖಲಾಗುತ್ತದೆ. ಆಮೇಲೆ ಬೇರೆ ಯಂತ್ರಗಳಲ್ಲಿ ಸ್ಲ್ಯಾಶ್ ಎಸ್ ಜೊತೆ ಆ ಕಡತವನ್ನು ಒದಗಿಸಬೇಕು. ದಾಖಲಿಸಿದ ಯಂತ್ರದಲ್ಲಿ ಕಾಣದ ಒಂದು ಪ್ರಶ್ನೆ ಬೇರೊಂದು ಯಂತ್ರದಲ್ಲಿ ಎದುರಾದರೆ ಉತ್ತರ ಕಡತಕ್ಕೆ ಅದು ಗೊತ್ತಿರುವುದಿಲ್ಲ, ಇನ್‌ಸ್ಟಾಲ್ ಅಲ್ಲಿಗೇ ಬೀಳುತ್ತದೆ. ಆದ್ದರಿಂದ ದಾಖಲಿಸುವ ಯಂತ್ರ ಉಳಿದ ಯಂತ್ರಗಳನ್ನು ನಿಜವಾಗಿ ಹೋಲಬೇಕು.

ಸ್ಕ್ರಿಪ್ಟಿನಿಂದ ಇನ್‌ಸ್ಟಾಲರನ್ನು ಚಾಲೂ ಮಾಡಿದ ಮೇಲೆ ಅದು ಮುಗಿಯುವವರೆಗೆ ಕಾಯುವುದು ಮತ್ತು ಅದು ಹಿಂದಿರುಗಿಸುವ ಸಂಖ್ಯೆಯನ್ನು ಓದುವುದು ಬಹಳ ಮುಖ್ಯ. ವಿಂಡೋಸಿನಲ್ಲಿ ಆದೇಶಗಳನ್ನೂ ಸ್ಕ್ರಿಪ್ಟುಗಳನ್ನೂ ನಡೆಸುವ ಪವರ್‌ಶೆಲ್ ಚಿತ್ರಾತ್ಮಕ ಪ್ರೋಗ್ರಾಮುಗಳನ್ನು ಆರಂಭಿಸಿ ಕಾಯದೆ ಮುಂದಿನ ಸಾಲಿಗೆ ಹೋಗುತ್ತದೆ. ಆದ್ದರಿಂದ ಸ್ಟಾರ್ಟ್-ಪ್ರೋಸೆಸ್ ಜೊತೆ ವೇಟ್ ಮತ್ತು ಪಾಸ್‌ಥ್ರೂ ಎರಡನ್ನೂ ಕೊಟ್ಟು, ಸಿಕ್ಕ ವಸ್ತುವಿನ ಎಕ್ಸಿಟ್‌ಕೋಡ್ ನೋಡಬೇಕು. ಎಂಎಸ್‌ಐ ವಿಷಯದಲ್ಲಿ ಈ ಸಂಖ್ಯೆಗಳ ಅರ್ಥ ನಿಶ್ಚಿತವಾಗಿದೆ. ಸೊನ್ನೆ ಎಂದರೆ ಯಶಸ್ಸು. 3010 ಎಂದರೂ ಯಶಸ್ಸೇ, ಆದರೆ ರೀಸ್ಟಾರ್ಟ್ ಬಾಕಿಯಿದೆ ಎಂದರ್ಥ. 1641 ಎಂದರೆ ಇನ್‌ಸ್ಟಾಲರ್ ತಾನೇ ರೀಸ್ಟಾರ್ಟ್ ಆರಂಭಿಸಿದೆ. ಸೊನ್ನೆಯಲ್ಲದ್ದೆಲ್ಲ ಸೋಲು ಎಂದು ಬರೆದ ಸ್ಕ್ರಿಪ್ಟ್ ಈ ಎರಡನ್ನೂ ಸೋಲೆಂದು ಎಣಿಸಿ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗುತ್ತದೆ. 1618 ಎಂದರೆ ಬೇರೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆ ಎಂದು. ಇದಕ್ಕೆ ಸ್ವಲ್ಪ ಹೊತ್ತು ಕಾದು ಮತ್ತೆ ಪ್ರಯತ್ನಿಸುವುದೇ ಸರಿಯಾದ ಉತ್ತರ. 1603 ಮಾತ್ರ ಏನನ್ನೂ ಬಿಡಿಸಿ ಹೇಳದ ಸಾಮಾನ್ಯ ಸೋಲಿನ ಸಂಖ್ಯೆ. ಅದರ ಕಾರಣ ಸಿಗುವುದು ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತದಲ್ಲಿ, ಅದೂ ಸ್ಲ್ಯಾಶ್ ಎಲ್ ಸ್ಟಾರ್ ವಿ ಕೊಟ್ಟು ಬರೆಸಿದ ವಿವರವಾದ ಲಾಗಿನಲ್ಲಿ. ಸಾವಿರಾರು ಸಾಲುಗಳ ಆ ಕಡತದಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂಬ ಮಾತು ಮೊದಲ ಬಾರಿ ಎಲ್ಲಿ ಬರುತ್ತದೋ ಅದರ ಮೇಲಿನ ಕೆಲವು ಸಾಲುಗಳನ್ನು ಓದಿದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಅಲ್ಲೇ ಇರುತ್ತದೆ. ಲಾಗ್ ಬರೆಸದೆ ಸೈಲೆಂಟ್ ಇನ್‌ಸ್ಟಾಲ್ ಮಾಡುವುದನ್ನು ನಾನು ಎಂದೂ ಒಪ್ಪುವುದಿಲ್ಲ. ಪರದೆಯನ್ನು ಮುಚ್ಚಿದ ಮೇಲೆ ನಡೆದದ್ದನ್ನು ಹೇಳಲು ಉಳಿಯುವ ಸಾಕ್ಷಿ ಅದೊಂದೇ.

ಇನ್ನು ಯಾವ ಖಾತೆಯ ಹೆಸರಿನಲ್ಲಿ ಇನ್‌ಸ್ಟಾಲ್ ನಡೆಯುತ್ತದೆ ಎಂಬುದು. ದೂರದಿಂದ ನಿರ್ವಹಿಸುವ ಸಾಧನಗಳು ಸಾಮಾನ್ಯವಾಗಿ ವಿಂಡೋಸ್ ತನ್ನದೇ ಕೆಲಸಕ್ಕೆ ಬಳಸುವ ಸಿಸ್ಟಂ ಖಾತೆಯಲ್ಲಿ ಕೆಲಸ ಮಾಡುತ್ತವೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಸರ್ವಿಸುಗಳು, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮುಗಳು, ಸೆಷನ್ ಸೊನ್ನೆ ಎಂಬ ಪ್ರತ್ಯೇಕ ಆವರಣದಲ್ಲಿ ನಡೆಯುವುದರಿಂದ, ಅಲ್ಲಿ ಇನ್‌ಸ್ಟಾಲರ್ ಒಂದು ಸಂದೇಶ ಪೆಟ್ಟಿಗೆ ತೆರೆದರೆ ಅದು ಯಾವ ಬಳಕೆದಾರರ ಪರದೆಯಲ್ಲೂ ಕಾಣುವುದಿಲ್ಲ. ಸರಿ ಎಂದು ಒತ್ತುವವರಿಲ್ಲದ ಆ ಪೆಟ್ಟಿಗೆಯ ಹಿಂದೆ ಇನ್‌ಸ್ಟಾಲ್ ಗಂಟೆಗಟ್ಟಲೆ ನಿಂತಿರುತ್ತದೆ, ಅದರ ಹಿಂದೆ ಸಾಲಿನಲ್ಲಿರುವ ಉಳಿದ ಪ್ಯಾಕೇಜುಗಳೂ ನಿಂತಿರುತ್ತವೆ. ಇದೇ ಖಾತೆಯಿಂದ ಇನ್ನೊಂದು ತೊಂದರೆಯೂ ಇದೆ: ಒಬ್ಬ ಬಳಕೆದಾರರಿಗೆ ಮಾತ್ರ ಎಂದು ತಯಾರಾದ ತಂತ್ರಾಂಶವನ್ನು ಸಿಸ್ಟಂ ಖಾತೆಯಲ್ಲಿ ನಡೆಸಿದರೆ ಅದು ಆ ಖಾತೆಯ ಸ್ವಂತ ಪ್ರೊಫೈಲ್ ಫೋಲ್ಡರಿಗೆ ಹೋಗಿ ಸೇರುತ್ತದೆ. ಹಿಂದಿರುಗಿದ ಸಂಖ್ಯೆ ಸೊನ್ನೆ, ಲಾಗಿನಲ್ಲಿ ಯಶಸ್ಸು, ಆದರೆ ಬಳಸಬೇಕಾದವರಿಗೆ ತಂತ್ರಾಂಶವೇ ಇಲ್ಲ. ಎಂಎಸ್‌ಐ ಆದರೆ ಆಲ್‌ಯೂಸರ್ಸ್ ಎಂಬ ಪ್ರಾಪರ್ಟಿಗೆ 1 ಕೊಟ್ಟು ಇದನ್ನು ತಡೆಯಬಹುದು. ಉಳಿದವುಗಳಿಗೆ ಯಂತ್ರಕ್ಕೆಲ್ಲ ಅನ್ವಯವಾಗುವ ಬೇರೆ ಇನ್‌ಸ್ಟಾಲರ್ ಇದೆಯೇ ಎಂದು ತಯಾರಕರ ಬಳಿಯೇ ವಿಚಾರಿಸಬೇಕು.

ವಿಂಡೋಸಿನಲ್ಲಿ ಒಂದೇ ಆದೇಶದಿಂದ ತಂತ್ರಾಂಶವನ್ನು ತಂದು ಹಾಕುವ ಸಾಧನಗಳಾದ ಚಾಕೊಲೇಟಿ ಮತ್ತು 2020ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಂಗೆಟ್ ಈ ಗೊಂದಲವನ್ನು ಬಹಳಷ್ಟು ಕಡಿಮೆ ಮಾಡಿವೆ. ಯಾವ ಇನ್‌ಸ್ಟಾಲರಿಗೆ ಯಾವ ಸ್ವಿಚ್ ಎಂಬುದನ್ನು ಪ್ಯಾಕೇಜಿನ ವಿವರಣೆಯಲ್ಲೇ ಯಾರೋ ಬರೆದಿಟ್ಟಿರುತ್ತಾರೆ. ವಿಂಗೆಟ್‌ನಲ್ಲಿ ಸೈಲೆಂಟ್ ಎಂಬುದರ ಜೊತೆಗೆ ಪ್ಯಾಕೇಜಿನ ಒಪ್ಪಂದ ಮತ್ತು ಪ್ಯಾಕೇಜ್ ಸಿಗುವ ಮೂಲದ ಒಪ್ಪಂದ ಎರಡನ್ನೂ ಒಪ್ಪಿದ್ದೇನೆಂದು ಹೇಳುವ ಸ್ವಿಚ್ಚುಗಳನ್ನು ಕೊಡುವುದನ್ನು ಮರೆಯಬಾರದು.

ಲಿನಕ್ಸಿನ ಕಡೆಗೆ ಬಂದರೆ ಪ್ಯಾಕೇಜ್ ವ್ಯವಸ್ಥೆ ಮೊದಲಿನಿಂದಲೂ ಇರುವುದರಿಂದ ಎಲ್ಲವೂ ಸುಲಭ ಎಂದು ಭಾವಿಸುವವರಿದ್ದಾರೆ. ಆದರೆ ಲಿನಕ್ಸಿನ ಬಗೆಗಳಾದ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪ್ರಶ್ನೆಗಳು ಬರುವ ಬಾಗಿಲುಗಳು ಒಂದಕ್ಕಿಂತ ಹೆಚ್ಚಿವೆ, ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಅಲ್ಲಿ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್-ಗೆಟ್ ಎಂಬ ಆದೇಶದ ಜೊತೆ ಕೊಡುವ ಡ್ಯಾಶ್ ವೈ, ಈ ಪ್ಯಾಕೇಜುಗಳನ್ನು ಹಾಕಲೇ ಎಂದು ಆಪ್ಟ್-ಗೆಟ್ ತಾನು ಕೇಳುವ ಪ್ರಶ್ನೆಗೆ ಮಾತ್ರ ಹೌದೆನ್ನುತ್ತದೆ. ಅಲ್ಲಿಯೂ ಅದು ಕುರುಡಾಗಿ ಹೌದೆನ್ನುವುದಿಲ್ಲ: ಸಹಿಯನ್ನು ದೃಢೀಕರಿಸಲಾಗದ ಪ್ಯಾಕೇಜ್ ಬಂದರೆ, ಅಥವಾ ವ್ಯವಸ್ಥೆಗೆ ಅತ್ಯಗತ್ಯವಾದ ಪ್ಯಾಕೇಜನ್ನು ತೆಗೆಯಬೇಕಾದ ಸ್ಥಿತಿ ಬಂದರೆ, ಡ್ಯಾಶ್ ವೈ ಇದ್ದರೂ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಆ ಎಚ್ಚರಿಕೆಯನ್ನು ಬಲವಂತದ ಸ್ವಿಚ್ಚುಗಳಿಂದ ಮೀರಲು ಹೋಗುವ ಸ್ಕ್ರಿಪ್ಟುಗಳನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಎರಡನೆಯ ಬಾಗಿಲು ಡೆಬ್‌ಕಾನ್ಫ್. ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವಾಗ ಕೇಳುವ ಪ್ರಶ್ನೆಗಳನ್ನು ಈ ವ್ಯವಸ್ಥೆ ನಿರ್ವಹಿಸುತ್ತದೆ. ಟಿಜೆಡ್‌ಡೇಟಾ ಎಂಬ ಕಾಲವಲಯದ ಪ್ಯಾಕೇಜ್ ನೀವು ಯಾವ ಭೂಭಾಗದಲ್ಲಿದ್ದೀರಿ ಎಂದು ಕೇಳಿ ಡಾಕರ್ ಇಮೇಜ್ (ತಂತ್ರಾಂಶವನ್ನು ಅದರ ಪರಿಸರದ ಸಮೇತ ಕಟ್ಟಿದ ಗಂಟು) ಕಟ್ಟುವುದನ್ನೇ ನಿಲ್ಲಿಸಿಬಿಡುವುದು ಇದರಿಂದಲೇ. ಡೆಬಿಯನ್_ಫ್ರಂಟೆಂಡ್ ಎಂಬ ಪರಿಸರ ಚರಾಂಶಕ್ಕೆ (ಪ್ರೋಗ್ರಾಮುಗಳು ಓದಿಕೊಳ್ಳುವ ಹೆಸರಿಟ್ಟ ಮೌಲ್ಯಕ್ಕೆ) ನಾನ್‌ಇಂಟರಾಕ್ಟಿವ್ ಎಂಬ ಮೌಲ್ಯ ಕೊಟ್ಟರೆ ಪ್ರಶ್ನೆಗಳು ಕಾಣುವುದಿಲ್ಲ, ಆದರೆ ಪ್ರತಿ ಪ್ರಶ್ನೆಗೂ ಅದರ ಪೂರ್ವನಿಯೋಜಿತ ಉತ್ತರವೇ ಆಯ್ಕೆಯಾಗುತ್ತದೆ. ಅದು ನಮಗೆ ಬೇಕಾದ ಉತ್ತರವೇ ಎಂದು ಯೋಚಿಸದೆ ಈ ಸಾಲನ್ನು ಬರೆಯುವುದು ಅರ್ಧ ಕೆಲಸ. ಉಳಿದ ಅರ್ಧ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಎಂಬ ಆದೇಶದಿಂದ ಆಗುತ್ತದೆ: ಪ್ಯಾಕೇಜಿನ ಹೆಸರು, ಪ್ರಶ್ನೆಯ ಹೆಸರು, ಉತ್ತರದ ಬಗೆ, ಉತ್ತರ ಎಂಬ ನಾಲ್ಕು ಭಾಗಗಳ ಸಾಲುಗಳನ್ನು ಇನ್‌ಸ್ಟಾಲಿಗೆ ಮೊದಲೇ ಅದಕ್ಕೆ ಉಣಿಸಿದರೆ, ಪ್ಯಾಕೇಜ್ ತನ್ನ ಪ್ರಶ್ನೆಗಳಿಗೆ ನಮ್ಮ ಉತ್ತರಗಳನ್ನೇ ಕಂಡುಕೊಳ್ಳುತ್ತದೆ. ಯಾವ ಪ್ರಶ್ನೆಗಳಿವೆ ಎಂದು ತಿಳಿಯಲು ಪರೀಕ್ಷಾ ಯಂತ್ರವೊಂದರಲ್ಲಿ ಕೈಯಿಂದ ಇನ್‌ಸ್ಟಾಲ್ ಮಾಡಿ, ಡೆಬ್‌ಕಾನ್ಫ್-ಯುಟಿಲ್ಸ್ ಪ್ಯಾಕೇಜಿನಲ್ಲಿರುವ ಗೆಟ್-ಸೆಲೆಕ್ಷನ್ಸ್ ಆದೇಶದಿಂದ ಉತ್ತರಗಳನ್ನು ಹೊರತೆಗೆದು ನೋಡಬಹುದು.

ಇಲ್ಲಿ ಆಡಳಿತಗಾರರ ಅಧಿಕಾರದಿಂದ ಆದೇಶ ನಡೆಸಲು ಬಳಸುವ ಸುಡೋ ಕೂಡ ಅಡ್ಡ ಬರುತ್ತದೆ. ಚರಾಂಶವನ್ನು ಮೊದಲು ಬರೆದು ಆಮೇಲೆ ಸುಡೋ ಬರೆದರೆ, ಸುಡೋ ತನ್ನ ಸಾಮಾನ್ಯ ಸೆಟ್ಟಿಂಗಿನಲ್ಲಿ ಪರಿಸರವನ್ನು ತೊಳೆದು ಹಾಕುವುದರಿಂದ ಆ ಮೌಲ್ಯ ಆಪ್ಟ್-ಗೆಟ್‌ವರೆಗೆ ತಲುಪುವುದೇ ಇಲ್ಲ. ಸುಡೋ ಆದ ಮೇಲೆ ಎನ್ವ್ ಆದೇಶ, ಅದರ ನಂತರ ಚರಾಂಶ, ಅದರ ನಂತರ ಆಪ್ಟ್-ಗೆಟ್ ಎಂಬ ಕ್ರಮದಲ್ಲಿ ಬರೆಯಬೇಕು.

ಮೂರನೆಯ ಬಾಗಿಲು, ಆಪ್ಟ್-ಗೆಟ್ ತಂದ ಪ್ಯಾಕೇಜನ್ನು ನಿಜವಾಗಿ ಹಾಕುವ ಡಿಪಿಕೆಜಿಯದು. ನಾವು ತಿದ್ದಿದ ಸಂರಚನಾ ಕಡತವೊಂದರ ಹೊಸ ಆವೃತ್ತಿಯನ್ನು ಪ್ಯಾಕೇಜ್ ತಂದಾಗ, ನಿಮ್ಮದನ್ನು ಉಳಿಸಲೋ ಹೊಸದನ್ನು ಹಾಕಲೋ ಎಂದು ಕೇಳುವುದು ಡೆಬ್‌ಕಾನ್ಫ್ ಅಲ್ಲ, ಡಿಪಿಕೆಜಿ. ಆದ್ದರಿಂದ ನಾನ್‌ಇಂಟರಾಕ್ಟಿವ್ ಎಂದು ಹೇಳಿದ್ದರೂ ಈ ಪ್ರಶ್ನೆ ಬರುತ್ತದೆ. ಇದಕ್ಕೆ ಫೋರ್ಸ್-ಕಾನ್ಫ್‌ಡೆಫ್ ಮತ್ತು ಫೋರ್ಸ್-ಕಾನ್ಫ್‌ಓಲ್ಡ್ ಎಂಬ ಎರಡು ಆಯ್ಕೆಗಳನ್ನು ಒಟ್ಟಿಗೆ ಕೊಡುವುದು ರೂಢಿ: ಪೂರ್ವನಿಯೋಜಿತ ಕ್ರಮವೊಂದು ಇದ್ದರೆ ಅದನ್ನು ಅನುಸರಿಸು, ಇಲ್ಲದಿದ್ದರೆ ಹಳೆಯ ಕಡತವನ್ನೇ ಉಳಿಸು ಎಂದು ಅದರರ್ಥ. ಸರ್ವರುಗಳಲ್ಲಿ ಹಳೆಯದನ್ನು ಉಳಿಸುವುದೇ ಕ್ಷೇಮ ಎಂಬುದು ನನ್ನ ನಿಲುವು, ಏಕೆಂದರೆ ಆ ತಿದ್ದುಪಡಿಗಳನ್ನು ಯಾರೋ ಒಂದು ಕಾರಣಕ್ಕಾಗಿ ಮಾಡಿರುತ್ತಾರೆ. ರೆಡ್ ಹ್ಯಾಟ್ ಪರಂಪರೆಯ ಲಿನಕ್ಸುಗಳಲ್ಲಿ ಡಿಪಿಕೆಜಿಯ ಜಾಗದಲ್ಲಿರುವ ಆರ್‌ಪಿಎಂ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ಬಳಕೆದಾರರ ಜೊತೆ ಮಾತನಾಡಬಾರದೆಂಬುದು ಅದರ ಮೂಲ ಧೋರಣೆ. ಕಡತವನ್ನು ನೋರಿಪ್ಲೇಸ್ ಎಂದು ಗುರುತಿಸಿದ್ದರೆ ಹೊಸದು ಆರ್‌ಪಿಎಂನ್ಯೂ ಎಂಬ ಬಾಲದೊಂದಿಗೆ ಪಕ್ಕದಲ್ಲಿ ಕೂರುತ್ತದೆ, ಇಲ್ಲದಿದ್ದರೆ ಹಳೆಯದು ಆರ್‌ಪಿಎಂಸೇವ್ ಆಗಿ ಪಕ್ಕಕ್ಕೆ ಸರಿಯುತ್ತದೆ. ಪ್ರಶ್ನೆ ಬರಲಿಲ್ಲವೆಂದು ಸಮಾಧಾನಪಡದೆ, ಅಪ್‌ಗ್ರೇಡ್ ಆದ ಮೇಲೆ ಆ ಎರಡು ಬಾಲಗಳ ಕಡತಗಳನ್ನು ಹುಡುಕುವ ಸಾಲೊಂದನ್ನು ಸ್ಕ್ರಿಪ್ಟಿನ ಕೊನೆಗೆ ಸೇರಿಸಬೇಕು.

ಉಬುಂಟು 22.04ರ ಸರ್ವರುಗಳಲ್ಲಿ ಇನ್ನೊಂದು ಬಾಗಿಲು ಎದ್ದು ಕಾಣುತ್ತದೆ. ಯಾವ ಸರ್ವಿಸುಗಳನ್ನು ರೀಸ್ಟಾರ್ಟ್ ಮಾಡಲಿ ಎಂದು ನೀಡ್‌ರೀಸ್ಟಾರ್ಟ್ ಎಂಬ ಸಾಧನ ಕೇಳುತ್ತದೆ. ಅದರ ಮೋಡ್ ಚರಾಂಶಕ್ಕೆ ಎ ಎಂಬ ಮೌಲ್ಯ ಕೊಟ್ಟರೆ ತಾನೇ ರೀಸ್ಟಾರ್ಟ್ ಮಾಡುತ್ತದೆ, ಎಲ್ ಎಂದು ಕೊಟ್ಟರೆ ಪಟ್ಟಿ ಮಾತ್ರ ಕೊಡುತ್ತದೆ. ಡೇಟಾಬೇಸ್ ನಡೆಯುತ್ತಿರುವ ಯಂತ್ರದಲ್ಲಿ ಎ ಕೊಡುವ ಮೊದಲು ಯೋಚಿಸಬೇಕು. ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟುಗಳನ್ನು ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಡಿಪಿಕೆಜಿಯ ಬೀಗವನ್ನು ಹಿಡಿದುಕೊಂಡಿರುವಾಗ ನಮ್ಮ ಸ್ಕ್ರಿಪ್ಟ್ ಸೋಲಬಾರದೆಂದರೆ, ಬೀಗಕ್ಕಾಗಿ ಇಷ್ಟು ಸೆಕೆಂಡು ಕಾಯಿ ಎಂದು ಹೇಳುವ ಡಿಪಿಕೆಜಿ ಲಾಕ್ ಟೈಮ್‌ಔಟ್ ಆಯ್ಕೆಯನ್ನು ಆಪ್ಟ್-ಗೆಟ್‌ಗೆ ಕೊಡಬಹುದು. ಬೀಗದ ಕಡತವನ್ನೇ ಅಳಿಸಿಹಾಕುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು. ಎರಡು ಪ್ರಕ್ರಿಯೆಗಳು ಒಂದೇ ಹೊತ್ತಿನಲ್ಲಿ ಪ್ಯಾಕೇಜ್ ಡೇಟಾಬೇಸಿಗೆ ಕೈ ಹಾಕಿದರೆ ಅದು ಕೆಟ್ಟುಹೋಗುವ ಅಪಾಯವಿದೆ. ಸ್ಕ್ರಿಪ್ಟುಗಳಲ್ಲಿ ಆಪ್ಟ್ ಬದಲು ಆಪ್ಟ್-ಗೆಟ್ ಬಳಸಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ: ತನ್ನ ಕಮಾಂಡ್ ಲೈನ್ ರೂಪ ಸ್ಥಿರವಲ್ಲ, ಸ್ಕ್ರಿಪ್ಟಿನಲ್ಲಿ ಎಚ್ಚರದಿಂದ ಬಳಸಿ ಎಂದು ಆಪ್ಟ್ ತಾನೇ ಎಚ್ಚರಿಸುತ್ತದೆ.

ಕೆಲವು ಇನ್‌ಸ್ಟಾಲರುಗಳು ಯಾವ ಸ್ವಿಚ್ಚನ್ನೂ ಕೊಡದೆ ಟರ್ಮಿನಲಿನಲ್ಲಿ ಉತ್ತರ ಟೈಪ್ ಮಾಡಲೇಬೇಕೆಂದು ಹಟ ಹಿಡಿಯುತ್ತವೆ. ಯೆಸ್ ಎಂಬ ಆದೇಶ ವೈ ಎಂಬ ಅಕ್ಷರವನ್ನು ಕೊನೆಯಿಲ್ಲದೆ ಹೊರಡಿಸುತ್ತದೆ, ಅದನ್ನು ಪೈಪಿನ ಮೂಲಕ, ಅಂದರೆ ಒಂದು ಆದೇಶ ಹೊರಡಿಸಿದ್ದನ್ನು ಇನ್ನೊಂದಕ್ಕೆ ಉಣಿಸುವ ಕ್ರಮದಿಂದ, ಇಂಥ ಇನ್‌ಸ್ಟಾಲರಿಗೆ ಕಳಿಸುವವರಿದ್ದಾರೆ. ಮುಂದಿನ ಆವೃತ್ತಿಯಲ್ಲಿ ‘ಹಳೆಯ ಡೇಟಾವನ್ನು ಅಳಿಸಲೇ’ ಎಂಬ ಪ್ರಶ್ನೆ ಹೊಸದಾಗಿ ಸೇರಿದರೆ ಅದಕ್ಕೂ ಹೌದೆಂಬ ಉತ್ತರವೇ ಹೋಗುತ್ತದೆ. ಬೇರೆ ದಾರಿಯೇ ಇಲ್ಲದಾಗ 1990ರಲ್ಲಿ ಡಾನ್ ಲೈಬ್ಸ್ ರೂಪಿಸಿದ ಎಕ್ಸ್‌ಪೆಕ್ಟ್ ಇದೆ. ಅದು ಪರದೆಯಲ್ಲಿ ಬಂದ ಮಾತನ್ನು ಓದಿ, ನಾವು ನಿರೀಕ್ಷಿಸಿದ ಪ್ರಶ್ನೆಯೇ ಆಗಿದ್ದರೆ ಮಾತ್ರ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. ಉಳಿದೆಲ್ಲ ಕಡೆ ನಾನು ಇದರ ವಿರುದ್ಧ ದಿಕ್ಕಿನಲ್ಲಿ ಹೋಗುತ್ತೇನೆ: ಇನ್‌ಪುಟ್ಟನ್ನು ಓದಿದರೆ ಏನೂ ಸಿಗದ ಡೆವ್ ನಲ್‌ಗೆ ಕಟ್ಟಿ, ಇಡೀ ಆದೇಶವನ್ನು, ಕೊಟ್ಟ ಹೊತ್ತು ಮೀರಿದರೆ ಕೆಲಸ ನಿಲ್ಲಿಸುವ ಟೈಮ್‌ಔಟ್ ಆದೇಶದ ಒಳಗೆ ನಡೆಸುತ್ತೇನೆ. ಇನ್‌ಪುಟ್ಟಿನಿಂದ ಓದುವ ಅನಿರೀಕ್ಷಿತ ಪ್ರಶ್ನೆ ಬಂದರೆ ಇನ್‌ಸ್ಟಾಲ್ ಸಾಮಾನ್ಯವಾಗಿ ತಕ್ಷಣವೇ ದೋಷದೊಂದಿಗೆ ಬೀಳುತ್ತದೆ. ಆಗಲೂ ಬೀಳದೆ ಕಾಯುತ್ತಾ ನಿಂತದ್ದು ಹೊತ್ತು ಮೀರಿದ ಮೇಲೆ 124 ಎಂಬ ಸಂಖ್ಯೆಯೊಂದಿಗೆ ಕೊನೆಯಾಗುತ್ತದೆ. ರಾತ್ರಿಯಿಡೀ ನೇತಾಡಿದ ಸ್ಕ್ರಿಪ್ಟಿಗಿಂತ ಮೊದಲ ನಿಮಿಷದಲ್ಲೇ ಬಿದ್ದ ಸ್ಕ್ರಿಪ್ಟ್ ಎಷ್ಟೋ ಮೇಲು.

ಗುಪ್ತಪದಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಮಾಂಡ್ ಲೈನಿನಲ್ಲಿ ಬರೆದ ಗುಪ್ತಪದ ನಡೆಯುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಆದೇಶ ಕೊಡುವ ಪಟ್ಟಿಯಲ್ಲಿ, ಸಾಮಾನ್ಯ ಸೆಟ್ಟಿಂಗಿನ ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಆದ ಯಾರಿಗಾದರೂ ಕಾಣುತ್ತದೆ. ಎಂಎಸ್‌ಐಗೆ ಪ್ರಾಪರ್ಟಿಯಾಗಿ ಕೊಟ್ಟದ್ದು, ಮರೆಮಾಡಬೇಕೆಂದು ಪ್ಯಾಕೇಜಿನವರು ಗುರುತಿಸದಿದ್ದರೆ, ವಿವರವಾದ ಲಾಗಿನಲ್ಲಿ ಇದ್ದ ಹಾಗೆಯೇ ಬರುತ್ತದೆ. ಲಾಗ್ ಬೇಕೇಬೇಕೆಂದು ಮೇಲೆ ಹೇಳಿದ್ದೇನೆ, ಆದ್ದರಿಂದ ಆ ಲಾಗಿನ ಫೋಲ್ಡರಿಗೆ ಯಾರು ಬರಬಹುದು ಎಂಬುದನ್ನೂ ನಿರ್ಧರಿಸಬೇಕು. ಉತ್ತರ ಕಡತಗಳಲ್ಲಿ ಗುಪ್ತಪದ ಬರೆಯಲೇಬೇಕಾದರೆ ಅದನ್ನು ರೂಟ್ (ಮುಖ್ಯ ಆಡಳಿತ ಖಾತೆ) ಮಾತ್ರ ಓದುವಂತೆ ಇಟ್ಟು, ಕೆಲಸವಾದ ಕೂಡಲೇ ಅಳಿಸಿ, ಇನ್‌ಸ್ಟಾಲ್ ಮುಗಿದ ಮೇಲೆ ಆ ಗುಪ್ತಪದವನ್ನೇ ಬದಲಾಯಿಸುವುದು ಸರಿಯಾದ ಕ್ರಮ.

ಯಾವ ಕಡತವನ್ನು ಇನ್‌ಸ್ಟಾಲ್ ಮಾಡುತ್ತಿದ್ದೇವೆ ಎಂಬುದೂ ನಾವು ಮೊದಲೇ ಉತ್ತರಿಸಬೇಕಾದ ಪ್ರಶ್ನೆಯೇ. ಪರದೆಯ ಮುಂದೆ ಕುಳಿತವರಿಗೆ ತಯಾರಕರ ಹೆಸರು ಮತ್ತು ಆವೃತ್ತಿ ಕಣ್ಣಿಗೆ ಬೀಳುತ್ತವೆ. ಸ್ಕ್ರಿಪ್ಟಿಗೆ ಆ ಕಣ್ಣಿಲ್ಲ. ಅದಕ್ಕಾಗಿ ಆವೃತ್ತಿಯ ಸಂಖ್ಯೆಯನ್ನು ಬರೆದೇ ಕೇಳಬೇಕು, ಇಳಿಸಿಕೊಂಡ ಕಡತದ ಎಸ್‌ಎಚ್‌ಎ-256 ಮೌಲ್ಯವನ್ನು (ಕಡತದಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಗುರುತನ್ನು) ಮೊದಲೇ ಬರೆದಿಟ್ಟ ಮೌಲ್ಯದೊಂದಿಗೆ ಹೋಲಿಸಿ, ಹೊಂದದಿದ್ದರೆ ಅಲ್ಲಿಗೇ ನಿಲ್ಲಬೇಕು. ಕಡತ ಇಳಿಸುವ ಕರ್ಲ್ ಆದೇಶದಿಂದ ಬಂದದ್ದನ್ನು, ಆದೇಶಗಳನ್ನು ನಡೆಸುವ ಶೆಲ್ಲಿಗೆ ನೇರವಾಗಿ ಪೈಪ್ ಮಾಡುವ ಸಾಲನ್ನು ಅನೇಕ ತಂತ್ರಾಂಶಗಳ ಕೈಪಿಡಿಗಳೇ ಸೂಚಿಸುತ್ತವೆ. ಸಂಪರ್ಕ ನಡುವೆ ಕಡಿದರೆ ಶೆಲ್ ಅಲ್ಲಿಯವರೆಗೆ ಬಂದ ಅರ್ಧ ಸ್ಕ್ರಿಪ್ಟನ್ನು ನಡೆಸಿಬಿಡುವ ಅಪಾಯ ಇದರಲ್ಲಿದೆ. ಎಚ್ಚರವುಳ್ಳ ಲೇಖಕರು ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ನಿನಲ್ಲಿ ಸುತ್ತಿ ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಕರೆಯುತ್ತಾರೆ, ಆದರೆ ಎಲ್ಲರೂ ಹಾಗೆ ಮಾಡಿರುತ್ತಾರೆಂದು ನಂಬಿ ಕೂರುವಂತಿಲ್ಲ. ಮೊದಲು ಕಡತವಾಗಿ ಇಳಿಸಿ, ಓದಿ, ಪರೀಕ್ಷಿಸಿ, ಆಮೇಲೆ ನಡೆಸುವುದಕ್ಕೆ ತಗಲುವ ಹೆಚ್ಚಿನ ಶ್ರಮ ಎರಡು ಸಾಲಿನಷ್ಟು.

ಇನ್‌ಸ್ಟಾಲ್ ಮುಗಿದ ಮೇಲೆ ಹಿಂದಿರುಗಿದ ಸಂಖ್ಯೆಯನ್ನಷ್ಟೇ ನಂಬದೆ ತಂತ್ರಾಂಶವನ್ನೇ ಕೇಳಬೇಕು: ಅದರ ಆವೃತ್ತಿ ಏನು, ಅದರ ಸರ್ವಿಸ್ ನಡೆಯುತ್ತಿದೆಯೇ, ಅದು ತೆರೆಯಬೇಕಾದ ಪೋರ್ಟ್ ತೆರೆದಿದೆಯೇ. ಅದೇ ಸ್ಕ್ರಿಪ್ಟನ್ನು ಅದೇ ಯಂತ್ರದಲ್ಲಿ ಕೂಡಲೇ ಎರಡನೆಯ ಸಲ ನಡೆಸುವುದು ನಾನು ಕೈಬಿಡದ ಇನ್ನೊಂದು ಪರೀಕ್ಷೆ. ಎರಡನೆಯ ಸಲ ಅದು ಯಾವ ಬದಲಾವಣೆಯನ್ನೂ ಮಾಡದೆ ಯಶಸ್ಸಿನೊಂದಿಗೆ ಮುಗಿಯಬೇಕು. ನೂರು ಯಂತ್ರಗಳಲ್ಲಿ ಹತ್ತರಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ನಾವು ಮಾಡುವುದು ಎಲ್ಲ ಕಡೆ ಮತ್ತೊಮ್ಮೆ ನಡೆಸುವುದನ್ನೇ. ಆಗ ಸರಿಯಾಗಿದ್ದ ತೊಂಬತ್ತು ಕೆಡಬಾರದು.

ತಂತ್ರಾಂಶವನ್ನು ತೆಗೆಯುವ ಸ್ಕ್ರಿಪ್ಟನ್ನೂ ಅದೇ ದಿನ ಬರೆದು, ಅದೇ ಪರೀಕ್ಷಾ ಯಂತ್ರದಲ್ಲಿ ನಡೆಸಿ ನೋಡುವುದು ಒಳಿತು. ಎಂಎಸ್‌ಐ ಆದರೆ ಸ್ಲ್ಯಾಶ್ ಎಕ್ಸ್ ಜೊತೆ ಆ ತಂತ್ರಾಂಶದ ಗುರುತಾದ ಪ್ರಾಡಕ್ಟ್ ಕೋಡ್ ಕೊಟ್ಟರೆ ಸಾಕು. ಆ ಕೋಡನ್ನು ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಲಿಯ ಕೆಳಗೆ ಹುಡುಕಬೇಕು. ಬೇರೆ ಬಗೆಯ ಇನ್‌ಸ್ಟಾಲರುಗಳಾದರೆ ಅಲ್ಲೇ ಕ್ವಯಟ್‌ಅನ್‌ಇನ್‌ಸ್ಟಾಲ್‌ಸ್ಟ್ರಿಂಗ್ ಎಂಬ ಮೌಲ್ಯ ಇದೆಯೇ ಎಂದು ನೋಡಬೇಕು, 32 ಬಿಟ್ ತಂತ್ರಾಂಶಕ್ಕೆ ವಾವ್6432ನೋಡ್ ಕೆಳಗಿನ ಪ್ರತಿಯನ್ನೂ ನೋಡಬೇಕು. ವಿಂಡೋಸಿನ ನಿರ್ವಹಣಾ ಮಾಹಿತಿ ಕೊಡುವ ಡಬ್ಲ್ಯುಎಂಐಯ ವಿನ್32_ಪ್ರಾಡಕ್ಟ್ ಎಂಬ ವರ್ಗವನ್ನು ಕೇಳಿದರೂ ಪಟ್ಟಿ ಸಿಗುತ್ತದೆ, ಆದರೆ ಅದು ಕೇಳಿದಾಗಲೆಲ್ಲ ಯಂತ್ರದಲ್ಲಿರುವ ಪ್ರತಿ ಎಂಎಸ್‌ಐ ಪ್ಯಾಕೇಜಿನ ಸ್ಥಿತಿಯನ್ನು ಪರಿಶೀಲಿಸಿ, ವ್ಯತ್ಯಾಸ ಕಂಡದ್ದನ್ನು ರಿಪೇರಿ ಮಾಡಲು ಹೊರಡುತ್ತದೆ. ಕೆಲಸದಲ್ಲಿರುವ ಸರ್ವರಿನಲ್ಲಿ ಅದನ್ನು ಬಳಸದೆ, ರಿಜಿಸ್ಟ್ರಿಯಿಂದಲೇ ಓದುವ ಹತ್ತು ಸಾಲುಗಳನ್ನು ಬರೆದುಕೊಳ್ಳುವುದು ವಾಸಿ.